ಬುಕ್ ಮಾಡಿದ ಮೇಲೆ ಮಾಡೆಲ್ ಬದಲಾದರೆ? ಎಲೆಕ್ಟ್ರಿಕ್ ಕಾರು ಕೊಳ್ಳುವವರ ಪ್ರಶ್ನೋತ್ತರ

ಪ್ರಶ್ನೆ: ಸರ್, ಕಾರು ಬುಕ್ ಮಾಡಿ ನಾಲ್ಕು ತಿಂಗಳಾಯಿತು. ಈಗ ಅದೇ ಕಾರಿಗೆ ದೊಡ್ಡ ಬ್ಯಾಟರಿ ಬರುತ್ತದೆ ಅಂತ ಕಂಪನಿ ಪ್ರಕಟಿಸಿದೆ. ಶೋರೂಮಿನವರು "ನಿಮ್ಮದು ಹಳೇ ಬುಕಿಂಗ್, ಹಳೇ ಗಾಡಿಯೇ ಬರುತ್ತೆ, ಹೊಸದು ಬೇಕಾದರೆ ಮತ್ತೆ ಸರದಿಯಲ್ಲಿ ನಿಲ್ಲಿ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಆರ್ಡರ್ ಯಾವ ಹಂತದಲ್ಲಿದೆ ಅಂತ ತಿಳಿದುಕೊಳ್ಳಿ. ಬುಕಿಂಗ್, ವಿಐಎನ್ ಹಂಚಿಕೆ, ಇನ್‌ವಾಯ್ಸ್, ನೋಂದಣಿ ಅಂತ ನಾಲ್ಕು ಮೆಟ್ಟಿಲು. ವಿಐಎನ್ ಅಂದರೆ ಕಾರಿನ 17 ಅಕ್ಷರದ ಗುರುತಿನ ಸಂಖ್ಯೆ. ಅದು ನಿಮ್ಮ ಹೆಸರಿಗೆ ಬೀಳುವ ತನಕ ನಿಮ್ಮದು ಕಂಪ್ಯೂಟರಿನಲ್ಲಿರುವ ಒಂದು ಸಾಲು ಅಷ್ಟೇ, ವೇರಿಯಂಟ್ ಬದಲಿಸುವುದು ಕಷ್ಟವಲ್ಲ. ವಿಐಎನ್ ಬಿದ್ದ ಮೇಲೆ ಆ ಗಾಡಿಯನ್ನು ಇನ್ನೊಬ್ಬರಿಗೆ ದಾಟಿಸಬೇಕಾಗುತ್ತದೆ, ಅಲ್ಲಿಂದ ಎಳೆದಾಟ ಶುರು. ಇನ್‌ವಾಯ್ಸ್ ಆದ ಮೇಲೆ ತೆರಿಗೆಯ ಲೆಕ್ಕ ಸೇರಿಕೊಳ್ಳುತ್ತದೆ. ನೋಂದಣಿ ಆದರೆ ಮುಗಿಯಿತು. ಆದ್ದರಿಂದ ಇವತ್ತೇ ಮೇಲ್ ಹಾಕಿ ಒಂದೇ ಪ್ರಶ್ನೆ ಕೇಳಿ: "ನನ್ನ ಬುಕಿಂಗಿಗೆ ವಿಐಎನ್ ಹಂಚಿಕೆಯಾಗಿದೆಯೇ?" ಫೋನಿನಲ್ಲಿ ಬಂದ ಉತ್ತರ ಲೆಕ್ಕಕ್ಕಿಲ್ಲ.

ಇನ್ನು ಕಾಯಬೇಕೋ ಬೇಡವೋ ಅನ್ನುವುದು. "ದೊಡ್ಡ ಬ್ಯಾಟರಿ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ, ಎಷ್ಟು ಶೇಕಡಾ ದೊಡ್ಡದು ಅಂತ ಲೆಕ್ಕ ಹಾಕಿ. ಹ್ಯುಂಡೈ ಅಯಾನಿಕ್ 5ರ ದೊಡ್ಡ ಬ್ಯಾಟರಿ 72.6 ಕಿಲೋವ್ಯಾಟ್ ಅವರ್‌ನಿಂದ (ಕರೆಂಟ್ ಬಿಲ್ಲಿನ ಯೂನಿಟ್ ಅಂದರೆ ಇದೇ) 77.4ಕ್ಕೆ, ಆಮೇಲೆ 84ಕ್ಕೆ ಏರಿತು. ಮೊದಲ ಏರಿಕೆ ಶೇ 7ಕ್ಕೂ ಕಡಿಮೆ, ಎರಡನೆಯದು ಶೇ 9ರ ಒಳಗೆ. ದಿನಕ್ಕೆ 60 ಕಿಲೋಮೀಟರ್ ಓಡಿಸಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕುವವರಿಗೆ ಅದು ಗೊತ್ತೂ ಆಗುವುದಿಲ್ಲ. ನಿಸಾನ್ ಲೀಫ್ 24ರಿಂದ ಶುರುವಾಗಿ 40ಕ್ಕೆ ಹೋದದ್ದು ಬೇರೆ ಮಾತು, ಅದು ಕಾರಿನ ಬಳಕೆಯನ್ನೇ ಬದಲಿಸಿತು.

ಹೋಲಿಸುವಾಗ ಒಂದು ಎಚ್ಚರ. ಒಟ್ಟು ಸಾಮರ್ಥ್ಯವೇ ಬೇರೆ, ಬಳಸಲು ಸಿಗುವ ಸಾಮರ್ಥ್ಯವೇ ಬೇರೆ. ಪೋರ್ಷೆ ಟೈಕಾನ್‌ನ ದೊಡ್ಡ ಬ್ಯಾಟರಿ 2024ರ ಪರಿಷ್ಕರಣೆಯಲ್ಲಿ ಒಟ್ಟು 93.4ರಿಂದ 105 ಆಯಿತು, ಅಂದರೆ ಶೇ 12. ಬಳಸಲು ಸಿಗುವುದು ಮಾತ್ರ 83.7ರಿಂದ 97ಕ್ಕೆ, ಸುಮಾರು ಶೇ 16 ಏರಿತು. ಒಂದು ಕಾರಿನ ಒಟ್ಟು ಸಂಖ್ಯೆಯನ್ನು ಇನ್ನೊಂದರ ಬಳಕೆಯ ಸಂಖ್ಯೆಗೆ ಹೋಲಿಸಿ ಮೋಸ ಹೋಗುವವರು ಬಹಳ.

ಪ್ರಶ್ನೆ: ಪೆಟ್ರೋಲ್ ಕಾರು ಮೂರು ನಾಲ್ಕು ವರ್ಷಕ್ಕೊಮ್ಮೆ ಮುಖ ಬದಲಿಸುತ್ತದೆ. ಇದ್ಯಾಕೆ ಮೊಬೈಲ್ ಥರ ಆರಾರು ತಿಂಗಳಿಗೆ ಬದಲಾಗುತ್ತೆ?

ಉತ್ತರ: ಹೊಸ ಎಂಜಿನ್ ಅಂದರೆ ವರ್ಷಗಟ್ಟಲೆ ಕೆಲಸ. ಬ್ಯಾಟರಿಯಲ್ಲಿ ಹಾಗಲ್ಲ: ಅದೇ ಟ್ರೇಯೊಳಗೆ ಸಾಂದ್ರತೆ ಹೆಚ್ಚಿರುವ ಸೆಲ್ ಕೂರಿಸಿ, ಬ್ಯಾಟರಿ ನಿಯಂತ್ರಣದ ಸಾಫ್ಟ್‌ವೇರ್ ಹೊಂದಿಸಿ, ಪರೀಕ್ಷೆ ಮಾಡಿ ಪ್ರಮಾಣಪತ್ರ ತೆಗೆದುಕೊಂಡರೆ ಹೊಸ ವೇರಿಯಂಟ್ ಸಿದ್ಧ. ಸೆಲ್ ಪೂರೈಸುವವರು ಬದಲಾದರೂ, ಚಿಪ್ ಬದಲಾದರೂ ಕಾರು ಬದಲಾಗುತ್ತದೆ. ಕೆಲವು ಕಂಪನಿಗಳು ಹೊಸ ವರ್ಷದ ಮಾಡೆಲಿಗೆ ಕಾಯುವುದೇ ಇಲ್ಲ. ಟೆಸ್ಲಾ ಉತ್ತರ ಅಮೆರಿಕದ ಮಾಡೆಲ್ 3 ಮತ್ತು ವೈ ಕಾರುಗಳಿಂದ 2021ರ ಮೇ ತಿಂಗಳಲ್ಲಿ ರೇಡಾರ್ ತೆಗೆಯಿತು, 2022ರ ಅಕ್ಟೋಬರಿನಿಂದ ಪಾರ್ಕಿಂಗ್‌ನ ಅಲ್ಟ್ರಾಸಾನಿಕ್ ಸೆನ್ಸರ್ ತೆಗೆಯತೊಡಗಿತು, 2023ರ ಸೆಪ್ಟೆಂಬರಿನ ಹೊಸ ಮಾಡೆಲ್ 3ರಲ್ಲಿ ಇಂಡಿಕೇಟರ್ ಕಡ್ಡಿಯನ್ನೇ ತೆಗೆದು ಸ್ಟೀರಿಂಗ್ ಮೇಲೆ ಗುಂಡಿ ಇಟ್ಟಿತು. ಹೊರಗಿನ ಹೆಸರು ಎಲ್ಲದಕ್ಕೂ "ಮಾಡೆಲ್ 3" ಅಂತಲೇ.

ಹಾಗಾಗಿ ನಾನು ಹೇಳುವುದು ಒಂದೇ: ಹೆಸರನ್ನು ಬುಕ್ ಮಾಡಬೇಡಿ, ವಿವರಪಟ್ಟಿಯನ್ನು ಬುಕ್ ಮಾಡಿ.

ಪ್ರಶ್ನೆ: ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಹಳೇ ಕಾರೂ ಹೊಸದಾಗುತ್ತೆ ಅಂತಾರಲ್ಲ ಸರ್?

ಉತ್ತರ: ಅರ್ಧ ನಿಜ. ಪರದೆ, ನಕ್ಷೆ, ಚಾರ್ಜಿಂಗ್‌ಗೆ ಮುಂಚೆ ಬ್ಯಾಟರಿ ಬೆಚ್ಚಗೆ ಮಾಡುವ ಕ್ರಮ, ಕೆಲವೊಮ್ಮೆ ಚಾರ್ಜಿಂಗ್ ವೇಗ ಕೂಡ ಅಪ್‌ಡೇಟಿನಲ್ಲಿ ಸುಧಾರಿಸುತ್ತದೆ. ಆದರೆ ಬ್ಯಾಟರಿ, ಅದರ ವ್ಯವಸ್ಥೆ 400 ವೋಲ್ಟೋ 800 ವೋಲ್ಟೋ ಅನ್ನುವುದು, ಚಾರ್ಜಿಂಗ್ ಸಾಕೆಟ್, ಕಾರಿನೊಳಗಿನ ಎಸಿ ಚಾರ್ಜರ್ (ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ಬದಲಿಸುವುದು), ಹೀಟ್ ಪಂಪ್ (ಕಡಿಮೆ ಕರೆಂಟಿನಲ್ಲಿ ಕಾರನ್ನು ಬೆಚ್ಚಗಿಡುವುದು), ಕ್ಯಾಮೆರಾ ಸೆನ್ಸರ್‌ಗಳು, ಮುಖ್ಯ ಪ್ರೊಸೆಸರ್ ಇವು ಹುಟ್ಟಿದಾಗ ಹೇಗಿವೆಯೋ ಹಾಗೇ. ಬದಲಾವಣೆ ಈ ಪಟ್ಟಿಯಲ್ಲಿದ್ದರೆ ಯೋಚಿಸಿ, ಇಲ್ಲದಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಇದರಲ್ಲಿ ಜನ ಕೇಳದೇ ಬಿಡುವುದು ಒಳಗಿನ ಎಸಿ ಚಾರ್ಜರ್. ಮನೆ ಗೋಡೆಗೆ ಹಾಕಿಸುವ ಪೆಟ್ಟಿಗೆ ಕರೆಂಟ್ ಕೊಡುತ್ತದೆ ಅಷ್ಟೇ, ಎಷ್ಟು ಎಳೆದುಕೊಳ್ಳಬೇಕು ಅನ್ನುವುದು ಕಾರಿನ ಕೈಯಲ್ಲಿದೆ. ಮೂರು ಫೇಸ್, 32 ಆಂಪಿಯರಿನ 22 ಕಿಲೋವ್ಯಾಟ್ ಪೆಟ್ಟಿಗೆ ಹಾಕಿಸಿ 7.4ರ ಕಾರು ತಂದರೆ 7.4 ಮಾತ್ರ ಹೋಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ. 11 ಕಿಲೋವ್ಯಾಟ್ ಅಂದರೆ ಸಾಮಾನ್ಯವಾಗಿ ಫೇಸಿಗೆ 16 ಆಂಪಿಯರಿನಂತೆ ಮೂರು ಫೇಸ್. ಅಂಥ ಕಾರನ್ನು ಸಿಂಗಲ್ ಫೇಸಿಗೆ ಹಾಕಿದರೆ ಕೆಲವು 7.4 ತೆಗೆದುಕೊಳ್ಳುತ್ತವೆ, ಕೆಲವು 3.7ಕ್ಕೇ ನಿಂತುಬಿಡುತ್ತವೆ. 60 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು ಶೇ 20ರಿಂದ 80ಕ್ಕೆ ತುಂಬಲು 36 ಯೂನಿಟ್ ಬೇಕು. ಶೇ 10 ನಷ್ಟ ಹಿಡಿದರೆ 7.4ರಲ್ಲಿ ಐದೂವರೆ ತಾಸು, 3.7ರಲ್ಲಿ ಹನ್ನೊಂದು ತಾಸು. ಹೊಸ ಮಾಡೆಲಿನಲ್ಲಿ 7.4 ಹೋಗಿ 11 ಬಂತು ಅಂತ ಖುಷಿಪಡುವ ಮೊದಲು "ಸಿಂಗಲ್ ಫೇಸಿನಲ್ಲಿ ಎಷ್ಟು?" ಅಂತ ಕೇಳಿ.

ಮರುಪ್ರಶ್ನೆ: ಫಾಸ್ಟ್ ಚಾರ್ಜಿಂಗ್ 150ರಿಂದ 180 ಕಿಲೋವ್ಯಾಟ್ ಆಗಿದೆಯಂತೆ, ಅದಕ್ಕೆ ಕಾಯಬಹುದಾ?

ಉತ್ತರ: ಅದು ಶಿಖರದ ಸಂಖ್ಯೆ, ಕೆಲವೇ ನಿಮಿಷ ಇರುತ್ತದೆ. ಸರಾಸರಿ ನೀವೇ ತೆಗೆಯಿರಿ. 60 ಕಿಲೋವ್ಯಾಟ್ ಅವರ್ ಬ್ಯಾಟರಿ ಶೇ 10ರಿಂದ 80 ಅಂದರೆ 42 ಯೂನಿಟ್. ಅದಕ್ಕೆ 30 ನಿಮಿಷ ಅಂದರೆ ಸರಾಸರಿ 84 ಕಿಲೋವ್ಯಾಟ್. ಹೊಸದು 28 ನಿಮಿಷ ಅಂದರೆ ಸರಾಸರಿ 90. ಎರಡು ನಿಮಿಷಕ್ಕೆ ಆರು ತಿಂಗಳು ಕಾಯಬೇಕೇ?

ಪ್ರಶ್ನೆ: ಹಳೇ ಮಾಡೆಲ್ ಸ್ಟಾಕ್ ಇದೆ, ರಿಯಾಯಿತಿ ಕೊಡ್ತೀವಿ ಅಂತಾರೆ. ಎಂಟು ತಿಂಗಳಿಂದ ಯಾರ್ಡಿನಲ್ಲಿ ನಿಂತಿದೆ. ತಗೊಬಹುದಾ?

ಉತ್ತರ: ತಗೊಬಹುದು, ಒಳ್ಳೆಯ ವ್ಯವಹಾರವೇ ಆಗಬಹುದು. ಆದರೆ ನಿಂತ ಕಾರನ್ನು ಓಡಿದ ಕಾರಿಗಿಂತ ಹುಷಾರಾಗಿ ನೋಡಬೇಕು.

ಶುರು ವಯಸ್ಸಿನಿಂದ. ಹಲವು ಕಂಪನಿಗಳ ವಿಐಎನ್‌ನಲ್ಲಿ ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ: ಆರ್ ಅಂದರೆ 2024, ಎಸ್ ಅಂದರೆ 2025, ಟಿ ಅಂದರೆ 2026. ಎಲ್ಲ ಕಂಪನಿಗಳೂ ಇದನ್ನು ಪಾಲಿಸುವುದಿಲ್ಲ, ಮಾಡೆಲ್ ವರ್ಷವೂ ತಯಾರಾದ ತಿಂಗಳೂ ಒಂದೇ ಅಲ್ಲ. ಅದಕ್ಕೇ ತಯಾರಾದ ತಿಂಗಳು, ವರ್ಷವನ್ನು ಇನ್‌ವಾಯ್ಸಿನಲ್ಲಿ ಬರೆಸಿಕೊಳ್ಳಿ. ಟೈರಿನ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 3524 ಅಂದರೆ 2024ರ 35ನೇ ವಾರ. ಅದು ಟೈರಿನ ಒಂದೇ ಬದಿಗೆ ಇರುವುದುಂಟು, ಹೊರಗೆ ಕಾಣದಿದ್ದರೆ ಒಳಬದಿ ಟಾರ್ಚ್ ಹಾಕಿ ನೋಡಿ. ಟೈರ್ ಕಾರಿಗಿಂತ ಕೆಲವು ವಾರ ಹಳೆಯದಿರುವುದು ಸಹಜ. ಕಾರಿಗಿಂತ ಟೈರ್ ಬಹಳ ಹೊಸದಾಗಿದ್ದರೆ ಯಾಕೆ ಬದಲಿಸಿದರು ಅಂತ ಕೇಳಿ.

ನಿಂತ ಎಲೆಕ್ಟ್ರಿಕ್ ಕಾರಿನಲ್ಲಿ ಮೊದಲು ಸಾಯುವುದು ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕದು. ಬೀಗ, ಅಲಾರಂ, ಮೊಬೈಲ್ ಸಂಪರ್ಕ ಎಲ್ಲವೂ ಅದರಿಂದಲೇ ಹನಿ ಹನಿಯಾಗಿ ಕುಡಿಯುತ್ತಿರುತ್ತವೆ. ಕಾರು ಆಫ್ ಮಾಡಿ, ಬೀಗ ಹಾಕಿ, ಕೆಲವು ತಾಸು ಬಿಟ್ಟು ಮಲ್ಟಿಮೀಟರಿನಲ್ಲಿ ಅಳೆಯಲು ಹೇಳಿ. ಲೆಡ್ ಆಸಿಡ್ ಆದರೆ 12.6 ವೋಲ್ಟ್ ಅಂದರೆ ತುಂಬಿದೆ, 12.4 ಪರವಾಗಿಲ್ಲ, 12.0 ಅಥವಾ ಕೆಳಗೆ ಬಂದಿದ್ದರೆ ಅದು ಬರಿದಾಗಿ ಕುಳಿತಿತ್ತು ಅಂತ ಅರ್ಥ. ಹಾಗೆ ಕುಳಿತರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬಾರದು. ಹೊಸ 12 ವೋಲ್ಟ್ ಬ್ಯಾಟರಿ ಕೇಳಿ, ಮುಲಾಜು ಬೇಡ. ಕೆಲವು ಕಾರುಗಳಲ್ಲಿ ಚಿಕ್ಕದೂ ಲಿಥಿಯಂ ಇರುತ್ತದೆ, ಅದಕ್ಕೆ ಈ ಅಂಕಿಗಳು ಹೊಂದುವುದಿಲ್ಲ.

ದೊಡ್ಡ ಬ್ಯಾಟರಿ ಯಾವ ಮಟ್ಟದಲ್ಲಿ ನಿಂತಿತ್ತು ಅಂತ ಕೇಳಿ. ಶೇ 30ರಿಂದ 60ರ ನಡುವೆ ಇದ್ದರೆ ಚಿಂತೆಯಿಲ್ಲ. ಬಿಸಿಲಲ್ಲಿ ಶೇ 100ರಲ್ಲಿ ತಿಂಗಳುಗಟ್ಟಲೆ ನಿಂತಿದ್ದರೆ ಸೆಲ್ ಬೇಗ ಮುಪ್ಪಾಗುತ್ತದೆ, ಸೊನ್ನೆಗೆ ಇಳಿದು ನಿಂತಿದ್ದರೆ ಇನ್ನೂ ಕೆಟ್ಟದ್ದು. ಸರ್ವೀಸ್ ಕಂಪ್ಯೂಟರ್ ಜೋಡಿಸಿ ಬ್ಯಾಟರಿ ಆರೋಗ್ಯದ ವರದಿ, ಜೊತೆಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ ವೋಲ್ಟೇಜ್ ಎರಡನ್ನೂ ಮುದ್ರಿಸಿ ಕೊಡಲು ಹೇಳಿ. ಕೊನೆಯದು ವಾರಂಟಿ: ಯಾವ ತಾರೀಖಿನಿಂದ ಎಣಿಕೆ? ಡೆಮೊ ಕಾರಾಗಿ ಮೊದಲೇ ನೋಂದಣಿಯಾಗಿದ್ದರೆ ನಿಮ್ಮ ವಾರಂಟಿಯ ತಿಂಗಳುಗಳು ಆಗಲೇ ಕರಗಿರುತ್ತವೆ.

ಇನ್ನೊಬ್ಬ ತಂತ್ರಜ್ಞರು ಸೇರಿಸಿದ್ದು: ಟೆಸ್ಟ್ ಡ್ರೈವಿನಲ್ಲಿ ಒಂದು ಮಾತು. ನಿಂತಲ್ಲೇ ನಿಂತ ಟೈರಿನ ಅಡಿ ಚಪ್ಪಟೆಯಾಗಿರುತ್ತದೆ, 80 ಕಿಲೋಮೀಟರ್ ವೇಗದ ಹತ್ತಿರ ಸ್ಟೀರಿಂಗ್ ನಡುಗುತ್ತದೆ. 20 ನಿಮಿಷ ಓಡಿಸಿದ ಮೇಲೂ ನಡುಕ ಹೋಗದಿದ್ದರೆ ಟೈರ್ ಬದಲಿಸಿ ಕೊಡಲಿ. ಬ್ರೇಕ್ ಡಿಸ್ಕಿನ ತೆಳು ತುಕ್ಕು ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹೋಗುತ್ತದೆ, ಗುಳಿ ಬಿದ್ದಿದ್ದರೆ ಹೋಗುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟರೇ ಹೆಚ್ಚು ಬ್ರೇಕ್ ಹಾಕುವುದರಿಂದ ಡಿಸ್ಕ್ ತಾನಾಗಿ ಉಜ್ಜಿಕೊಳ್ಳುವುದು ಕಡಿಮೆ. ಆಮೇಲೆ, ನಡುವೆ ಬದಲಾದ ಮಾಡೆಲಿಗೆ ಬಿಡಿಭಾಗ ತರಿಸುವಾಗ ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ವಿಐಎನ್ ಕೊಟ್ಟೇ ತರಿಸಿ, ಇಲ್ಲದಿದ್ದರೆ ಕನೆಕ್ಟರ್ ಕೂರದ ಹೆಡ್‌ಲೈಟ್ ಬಂದು ಕೂರುತ್ತದೆ.

ಪ್ರಶ್ನೆ: ಮೇಡಂ ಒಬ್ಬರು ಬುಕ್ ಮಾಡಿದ್ದು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಬ್ಯಾಟರಿ, ಈಗ ಅದೇ ವೇರಿಯಂಟ್ ಎಲ್‌ಎಫ್‌ಪಿಯಲ್ಲಿ (ಲಿಥಿಯಂ ಐರನ್ ಫಾಸ್ಫೇಟ್) ಬರುತ್ತಂತೆ. ಇದು ಹಿಂಬಡ್ತಿಯೇ?

ಉತ್ತರ: ಅಲ್ಲ, ಬೇರೆ ಸ್ವಭಾವ. ಎಲ್‌ಎಫ್‌ಪಿ ಅಷ್ಟೇ ಶಕ್ತಿಗೆ ಹೆಚ್ಚು ತೂಕ, ಚಳಿಯಲ್ಲಿ ಚಾರ್ಜಿಂಗ್ ನಿಧಾನ. ಆದರೆ ಹೆಚ್ಚು ಸಲ ಚಾರ್ಜ್ ಆಗಿ ಖಾಲಿಯಾಗುವುದನ್ನು ತಾಳಿಕೊಳ್ಳುತ್ತದೆ. ಎನ್‌ಎಂಸಿಯನ್ನು ದಿನನಿತ್ಯ ಶೇ 80ಕ್ಕೆ ನಿಲ್ಲಿಸುವುದು ಒಳ್ಳೆಯದು. ಎಲ್‌ಎಫ್‌ಪಿಗೆ ಹಲವು ತಯಾರಕರು ವಾರಕ್ಕೊಮ್ಮೆ ಶೇ 100 ತುಂಬಿ ಅನ್ನುತ್ತಾರೆ. ಕಾರಣ ಇಷ್ಟು: ಅದರ ಸೆಲ್ ವೋಲ್ಟೇಜ್ 3.2ರ ಆಸುಪಾಸಿನಲ್ಲಿ ಹಲಗೆಯಂತೆ ಸಮವಾಗಿರುತ್ತದೆ, ವೋಲ್ಟೇಜ್ ನೋಡಿ ಶೇ 40 ಇದೆಯೋ 60 ಇದೆಯೋ ಹೇಳಲು ಕಂಪ್ಯೂಟರಿಗೆ ಕಷ್ಟ. ಪೂರ್ತಿ ತುಂಬಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. ವಾರಗಟ್ಟಲೆ ತುಂಬದೇ ಓಡಿಸಿದರೆ ಶೇ 15 ತೋರಿಸುತ್ತಿದ್ದ ಮೀಟರ್ ಇದ್ದಕ್ಕಿದ್ದಂತೆ ಕುಸಿಯಬಹುದು.

ಮನೆಯಲ್ಲೇ ಚಾರ್ಜಿಂಗ್, ದಿನಾ ಓಡಾಟ ಅಂದರೆ ಎಲ್‌ಎಫ್‌ಪಿಯನ್ನು ನಾನು ಮುಲಾಜಿಲ್ಲದೆ ಆರಿಸಿಕೊಳ್ಳುತ್ತೇನೆ. ಹೇಳದೇ ಬದಲಿಸಿದ್ದು ಮಾತ್ರ ತಪ್ಪು, ಅದನ್ನು ಕೇಳುವ ಹಕ್ಕು ಅವರಿಗಿದೆ.

ಪ್ರಶ್ನೆ: ಬುಕ್ ಮಾಡಿದ ದಿನದ ಬೆಲೆಯೋ ಡೆಲಿವರಿ ದಿನದ್ದೋ?

ಉತ್ತರ: ಬುಕಿಂಗ್ ಫಾರಂನ ಸಣ್ಣಕ್ಷರದಲ್ಲಿರುತ್ತದೆ. ಬಹುತೇಕ "ಡೆಲಿವರಿ ದಿನದ ಬೆಲೆ ಅನ್ವಯ" ಅಂತಿರುತ್ತದೆ. ಏರಿದರೆ ನೀವು ಕೊಡಬೇಕಾದರೆ, ಇಳಿದರೂ ನಿಮಗೇ ಸಿಗಬೇಕು. ಎರಡೂ ಕಡೆಗೆ ಬರೆಸಿಕೊಳ್ಳಿ.

ಪ್ರಶ್ನೆ: ಹಾಗಾದರೆ ಮುಂದಿನ ಮಾಡೆಲಿಗೆ ಯಾವಾಗ ಕಾಯಬೇಕು ಸರ್? ಆರ್ಡರ್‌ನಲ್ಲಿ ಏನು ಬರೆಸಬೇಕು?

ಉತ್ತರ: ಮುಂದಿನ ಮಾಡೆಲಿಗೆ ಅಂತಿಮ ವಿವರಪಟ್ಟಿ ಬಂದಿದೆಯೇ, ಪ್ರಮಾಣೀಕೃತ ರೇಂಜ್ (ಒಂದು ಪೂರ್ತಿ ಚಾರ್ಜಿಗೆ ಓಡುವ ದೂರ) ಬಂದಿದೆಯೇ, ಗ್ರಾಹಕರ ಕೈಗೆ ಕಾರು ತಲುಪಿದೆಯೇ? ಮೂರೂ ಇಲ್ಲದಿದ್ದರೆ ಅದಕ್ಕಾಗಿ ಕೈಯಲ್ಲಿರುವ ಬುಕಿಂಗ್ ಬಿಡಬೇಡಿ. ರೇಂಜ್ ಹೋಲಿಸುವಾಗ ಯಾವ ಪರೀಕ್ಷೆ ಅಂತ ನೋಡಿ. ಚೀನಾದ ಸಿಎಲ್‌ಟಿಸಿ ಸಂಖ್ಯೆ ಉದಾರ, ಯುರೋಪಿನ ಡಬ್ಲ್ಯುಎಲ್‌ಟಿಪಿ ನಡುವೆ, ಅಮೆರಿಕದ ಇಪಿಎ ಬಿಗಿ. ಚಕ್ರ 18 ಇಂಚಿನಿಂದ 20 ಆದರೂ ರೇಂಜ್ ಇಳಿಯುತ್ತದೆ.

ಆರ್ಡರ್ ಜೊತೆ ಕಳಿಸುವ ಮೇಲ್ ಹೀಗಿರಲಿ: "ನಾನು ಬುಕ್ ಮಾಡಿರುವ ವಾಹನದ ಬಳಸಬಹುದಾದ ಬ್ಯಾಟರಿ ಸಾಮರ್ಥ್ಯ, ಸೆಲ್ ಬಗೆ, ಎಸಿ ಚಾರ್ಜರ್ ಕಿಲೋವ್ಯಾಟ್, ಡಿಸಿ ಫಾಸ್ಟ್ ಚಾರ್ಜಿಂಗಿನಲ್ಲಿ ಶೇ 10ರಿಂದ 80ರ ಸಮಯ, ಸಾಕೆಟ್ ಬಗೆ, ಹೀಟ್ ಪಂಪ್ ಇದೆ ಅಥವಾ ಇಲ್ಲ, ಚಕ್ರದ ಅಳತೆ ಈ ಕೆಳಗಿನಂತಿವೆ. ಇವುಗಳಲ್ಲಿ ಯಾವುದು ಬದಲಾದರೂ ವಿಐಎನ್ ಹಂಚಿಕೆಗೆ ಮೊದಲೇ ಬರಹದಲ್ಲಿ ತಿಳಿಸಬೇಕು. ನನಗೆ ಒಪ್ಪಿಗೆಯಾಗದಿದ್ದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕು. ದಯವಿಟ್ಟು ಉತ್ತರದಲ್ಲಿ ಖಚಿತಪಡಿಸಿ." ಸಂಖ್ಯೆಗಳನ್ನು ನೀವೇ ತುಂಬಿ, ಅವರಿಗೆ ಬಿಡಬೇಡಿ. "ಆಗಲಿ" ಅನ್ನುವ ಒಂದು ಪದದ ಉತ್ತರ ಬಂದರೂ ಸಾಕು.

ಮರುಪ್ರಶ್ನೆ: ಡೆಲಿವರಿ ದಿನ ಬೇರೆ ವಿಐಎನ್ ಗಾಡಿ ತಂದು ನಿಲ್ಲಿಸಿದರೆ?

ಉತ್ತರ: ಸಹಿ ಹಾಕಬೇಡಿ, ಬಾಕಿ ಹಣ ಕಟ್ಟಬೇಡಿ, ನೋಂದಣಿಗೆ ಒಪ್ಪಬೇಡಿ. ಗಾಜಿನ ಕೆಳಗಿನ ವಿಐಎನ್ ಪಟ್ಟಿಯ ಫೋಟೊ ತೆಗೆದು ಅಲ್ಲೇ ನಿಂತು ಮೇಲ್ ಮಾಡಿ: "ಹಂಚಿಕೆಯಾದ ಸಂಖ್ಯೆ ಇದು, ತೋರಿಸಿದ ಸಂಖ್ಯೆ ಇದು, ಕಾರಣ ತಿಳಿಸಿ." ಹೊಸ ಗಾಡಿ ನಿಮ್ಮ ವಿವರಪಟ್ಟಿಗೆ ಸರಿಯಾಗಿ ಹೊಂದಿದರೆ, ತಯಾರಾದ ತಿಂಗಳು ಹಿಂದಿನದಕ್ಕಿಂತ ಹಳೆಯದಲ್ಲದಿದ್ದರೆ, ವಿಮೆ ಮತ್ತು ಸಾಲದ ಕಾಗದಗಳಲ್ಲಿ ಹೊಸ ಸಂಖ್ಯೆ ಬದಲಿಸಿ ಕೊಟ್ಟ ಮೇಲೆ ತೆಗೆದುಕೊಳ್ಳಿ.