ತುಕ್ಕೋ, ಕಿಲುಬೋ? ಕಾಫಿ ಚೆಲ್ಲಿದ ಕೀಬೋರ್ಡಿನ ಪದಗಳು

ಗೆಳೆಯರೇ,

ಎರಡು ತಿಂಗಳ ಹಿಂದೆ ನನ್ನ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಇರುವಂಥದ್ದು) ಮೇಲೆ ಸಿಹಿ ಕಾಫಿ ಚೆಲ್ಲಿತು. ಆಗ ತಲೆಕೆಳಗು ಮಾಡಿ, ಮೇಲೆ ಮೇಲೆ ಒರೆಸಿ ಸುಮ್ಮನಾಗಿದ್ದೆ. ಹೋದ ವಾರ ಬಿಚ್ಚಿ ನೋಡಿದೆ. ಸ್ಕ್ರೂಗಳ ತಲೆ ಮೇಲೆ, ಉಕ್ಕಿನ ತಗಡಿನ ಅಂಚಿನಲ್ಲಿ ಕಂದು ಪುಡಿ. ಸರ್ಕ್ಯೂಟ್ ಬೋರ್ಡಿನಲ್ಲಿ, ಸ್ವಿಚ್ಚಿನ ಕಾಲಿಗೆ ಬೆಸುಗೆ ಹಾಕಿದ ಜಾಗದ ಪಕ್ಕ, ಕರೆಂಟ್ ಹರಿಯುವ ತಾಮ್ರದ ಗೆರೆ ಮೇಲೆ ಹಸಿರು ಕಲೆ.

ರಿಪೇರಿ ಮಾಡಿದ್ದನ್ನು ಬರೆದಿಟ್ಟೆ. ಕಂದು ಬಣ್ಣದ್ದಕ್ಕೆ ತುಕ್ಕು ಅಂತ, ಹಸಿರಿಗೆ ಕಿಲುಬು ಅಂತ ಬರೆದೆ. ಓದಿದ ಗೆಳೆಯರೊಬ್ಬರು ಎಲ್ಲಾ ಕಡೆ ತುಕ್ಕು ಅಂತಲೇ ತಿದ್ದಿಕೊಟ್ಟರು. ಕಿಲುಬು ಹಿಡಿಯುವುದು ಪಾತ್ರೆಗೆ, ಎಲೆಕ್ಟ್ರಾನಿಕ್ಸ್‌ಗೆ ಹೇಗೆ ಹಿಡಿಯುತ್ತದೆ ಅನ್ನುವುದು ಅವರ ಪ್ರಶ್ನೆ.

ನನಗೆ ಇದು ಒಪ್ಪಿಗೆಯಾಗಲಿಲ್ಲ. ಕಿಲುಬು ತಾಮ್ರ, ಹಿತ್ತಾಳೆಗೆ ಹಿಡಿಯುವಂಥದ್ದು. ಆ ತಾಮ್ರ ಚೊಂಬಾಗಿದ್ದರೇನು, ಬೋರ್ಡಿನ ಗೆರೆಯಾಗಿದ್ದರೇನು? ತುಕ್ಕು ಕಬ್ಬಿಣದ್ದು. ರಿಪೇರಿ ಮಾಡುವವರಿಗೆ ಈ ವ್ಯತ್ಯಾಸ ಬೇಕೇ ಬೇಕು. ತುಕ್ಕು ಹಿಡಿದ ಸ್ಕ್ರೂ ತೆಗೆದು ಬೇರೆ ಹಾಕಿದರೆ ಆಯಿತು. ಕಿಲುಬನ್ನು ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರುವ, ಒರೆಸಲು ಬಳಸುವ ದ್ರವ) ಹಚ್ಚಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಅಡಿಯಲ್ಲಿ ಗೆರೆ ತುಂಡಾಗಿದೆಯಾ ನೋಡಬೇಕು. ತುಂಡಾಗಿದ್ದರೆ ಸಣ್ಣ ತಂತಿ ಬೆಸೆದು ಸೇರಿಸಬೇಕು. ಇಷ್ಟು ಒಳ್ಳೆಯ ಎರಡು ಪದ ಕೈಯಲ್ಲಿರುವಾಗ ಒಂದನ್ನು ಯಾಕೆ ಬಿಡಬೇಕು? ನಿಮ್ಮ ಕಡೆ ಮಾತಿನಲ್ಲಿ ಕಿಲುಬು ಪಾತ್ರೆ ಬಿಟ್ಟು ಬೇರೆಯದಕ್ಕೂ ಬರುತ್ತದಾ? ವೈರು, ಬ್ಯಾಟರಿಯ ತುದಿ, ಹೀಗೆ?

ಇನ್ನೊಂದು, ‘ಕೀ ಅಂಟಿಕೊಂಡಿದೆ’ ಅನ್ನುವುದು. ನನ್ನ ಕೀಗಳು ಒತ್ತಿದರೆ ಇಳಿಯುತ್ತಿದ್ದವು, ಏಳುವಾಗ ನಿಧಾನ. ನೀರು ಆರಿ ಸಕ್ಕರೆ ಒಳಗೇ ಉಳಿದಿತ್ತು. (ಸಕ್ಕರೆ ಆಲ್ಕೋಹಾಲ್‌ನಲ್ಲಿ ಕರಗುವುದು ತೀರಾ ಕಡಿಮೆ. ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಆಮೇಲೆ ನೀರು ಬೇಗ ಆರಲಿ ಅಂತ ಆಲ್ಕೋಹಾಲ್ ಹಾಕಬೇಕು.) ಅಂಟಿಕೊಂಡಿದೆ ಅಂದರೆ ಅಲ್ಲಾಡುವುದೇ ಇಲ್ಲ ಅನ್ನಿಸುತ್ತದೆ ಅಲ್ವಾ? ಅದಕ್ಕೇ ‘ಜಿಗುಟಾಗಿದೆ’ ಅಂತ ಬರೆದೆ.

ನಾನು ಜಾಸ್ತಿ ತಡಕಾಡಿದ್ದು ಮೂರನೆಯದಕ್ಕೆ. ಒಮ್ಮೆ ‘ಕ’ ಒತ್ತಿದರೆ ‘ಕಕ’ ಬೀಳುತ್ತಿತ್ತು. ಸ್ವಿಚ್ಚಿನೊಳಗೆ ಎರಡು ಲೋಹದ ಎಲೆಗಳು ತಾಗುವಾಗ ಒಂದಿಷ್ಟು ಪುಟಿಯುತ್ತವೆ. ಕೀಬೋರ್ಡಿನ ಚಿಪ್ ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಆಸುಪಾಸಿನ ಪುಟಿತವನ್ನು ಒಂದೇ ಒತ್ತು ಅಂತ ಎಣಿಸುತ್ತದೆ. ಎಲೆಗಳ ನಡುವೆ ಕೊಳೆ ಕೂತರೆ ತಾಗುವುದು, ಬಿಡುವುದು ಅದಕ್ಕಿಂತ ಹೊತ್ತು ನಡೆಯುತ್ತದೆ. ಆಗ ಎರಡು ಅಕ್ಷರ. ಮೊದಲು ಇದಕ್ಕೆ ‘ಇಮ್ಮಡಿ ಒತ್ತು’ ಅಂತ ಬರೆದಿದ್ದೆ. ಮರುದಿನ ಓದಿದರೆ ‘ಕ್ಕ’ದ ಒತ್ತಕ್ಷರದ ಮಾತು ಅನ್ನಿಸಿತು! ಹೊಡೆದು ಹಾಕಿ ‘ಕೀ ತೊದಲುತ್ತಿದೆ’ ಅಂತ ಮಾಡಿದೆ. ಓದಿದ ಕೂಡಲೇ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ, ನನಗಂತೂ ಇಷ್ಟವಾಯಿತು. ಆದರೆ ತೊದಲುವ ಜನರಿಗೆ ಇದು ನೋವಾಗುವ ಮಾತಾ ಅನ್ನುವ ಅಳುಕಿದೆ. ಕೀಬೋರ್ಡ್ ರಿಪೇರಿ ಮಾಡುವವರು ಬೇರೆ ಏನಾದರೂ ಹೇಳುವುದನ್ನು ಕೇಳಿದ್ದರೆ, ಅವರು ಹೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ.