ಸರ್ ಡಗ್ಲಸ್ ಕ್ವಿಂಟೆಟ್: ‘ಮೆಂಡೊಸಿನೊ’ ಬಿಟ್ಟರೆ ಯಾವ ಎಲ್‌ಪಿ ತರಿಸಬೇಕು?

ಗುಮ್ಮಟನಗರಿ_ಎಲ್‌ಪಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಊರಿನ ರಾಕ್ ಬ್ಯಾಂಡ್ ಸರ್ ಡಗ್ಲಸ್ ಕ್ವಿಂಟೆಟ್ ಬಗ್ಗೆ ಎಲ್ಲಿ ಓದಿದರೂ ಎರಡೇ ಹಾಡಿನ ಮಾತು: 1965ರ ‘ಶೀಸ್ ಅಬೌಟ್ ಎ ಮೂವರ್’, 1969ರ ‘ಮೆಂಡೊಸಿನೊ’. ಉಳಿದ ಆಲ್ಬಮ್‌ಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅಮೆರಿಕದಿಂದ ಹಳೆಯ ರೆಕಾರ್ಡ್ ನಾಲ್ಕು ಒಟ್ಟಿಗೆ ತರಿಸಬೇಕೆಂದಿದ್ದೇನೆ. ಯಾವ ನಾಲ್ಕು?

ಇನ್ನೊಂದು ತಕರಾರು. ‘ಮೆಂಡೊಸಿನೊ’ ಎಲ್‌ಪಿ ಈಗಾಗಲೇ ಕೈಯಲ್ಲಿದೆ. ಅಮೆರಿಕದಿಂದ ಬಂದ ಹಳೆಯ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್‌ಗೆ 110 ವೋಲ್ಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ನುಡಿಸಿದರೆ ಹಾಡು ಎಳೆದಂತೆ ಬರುತ್ತದೆ, ಶ್ರುತಿಯೂ ಇಳಿದಿರುತ್ತದೆ. ಸ್ಟ್ರೋಬ್ ಕಾರ್ಡ್ (ವೇಗ ಪರೀಕ್ಷಿಸುವ ಗೆರೆಗಳ ಬಿಲ್ಲೆ) ಇಟ್ಟು ನೋಡಿದರೆ ಗೆರೆಗಳು ಅಲ್ಲಾಡದೆ ನಿಲ್ಲುತ್ತವೆ, ಅಂದರೆ ವೇಗ ಸರಿಯಿದೆ. ಹಾಗಾದರೆ ದೋಷ ರೆಕಾರ್ಡಿನದೇ?

ಟಿಳಕವಾಡಿ_ಸೈಡ್‌ಬಿ (ಬೆಳಗಾವಿ)

ಟರ್ನ್‌ಟೇಬಲ್ ವಿಷಯ ಖಡೇಬಜಾರ್ ಅವರು ಹೇಳುತ್ತಾರೆ. ನಾನು ಆಲ್ಬಮ್ ಬಗ್ಗೆ ಬರೆಯುತ್ತೇನೆ.

ಮೊದಲು ಹೆಸರಿನ ಗೊಂದಲ. 1966ರಲ್ಲಿ ಟ್ರೈಬ್ ಲೇಬಲ್ಲಿನಿಂದ ಬಂದ ‘ದಿ ಬೆಸ್ಟ್ ಆಫ್ ದಿ ಸರ್ ಡಗ್ಲಸ್ ಕ್ವಿಂಟೆಟ್’ ಸಂಕಲನವಲ್ಲ, ಅದೇ ಅವರ ಮೊದಲ ಎಲ್‌ಪಿ. ಹೆಸರು ನೋಡಿ ಪಕ್ಕಕ್ಕಿಡಬೇಡಿ. ಹ್ಯೂಸ್ಟನ್ನಿನ ನಿರ್ಮಾಪಕ ಹ್ಯೂಯಿ ಮೋ ಈ ಟೆಕ್ಸಸ್ ಹುಡುಗರಿಗೆ ಇಂಗ್ಲಿಷ್ ಬ್ಯಾಂಡಿನ ವೇಷ ತೊಡಿಸಿ, ‘ಸರ್’ ಎಂಬ ಬಿರುದು ಕೊಟ್ಟು, ಬೀಟಲ್ಸ್ ಅಲೆಯಲ್ಲಿ ತೇಲಿಬಿಟ್ಟ. ‘ಮೂವರ್’ ಅಮೆರಿಕದ ಪಟ್ಟಿಯಲ್ಲಿ 13ನೇ ಸ್ಥಾನಕ್ಕೇರಿತು. 1965ರ ಕೊನೆಗೆ ಕಾರ್ಪಸ್ ಕ್ರಿಸ್ಟಿಯಲ್ಲಿ ಗಾಂಜಾ ಪ್ರಕರಣದಲ್ಲಿ ಬಂಧನವಾದ ಮೇಲೆ ತಂಡದ ನಾಯಕ, ಹಾಡುಗಾರ ಡಗ್ ಸಾಮ್ ಕ್ಯಾಲಿಫೋರ್ನಿಯಾ ಸೇರಿದ. ನಿಮಗೆ ಬೇಕಾದ ರೆಕಾರ್ಡುಗಳು ಹುಟ್ಟಿದ್ದು ಅದರ ನಂತರ.

ನನ್ನ ಲೆಕ್ಕದಲ್ಲಿ ಮೊದಲು ಬರುವುದು ‘ದಿ ರಿಟರ್ನ್ ಆಫ್ ಡಗ್ ಸಲ್ಡಾನ್ಯಾ’ (ಫಿಲಿಪ್ಸ್, 1971). ಸ್ಯಾನ್ ಆಂಟೋನಿಯೊದ ಮೆಕ್ಸಿಕನ್ ಮಂದಿ ಸಾಮ್‌ನನ್ನು ತಮ್ಮವನೆಂದು ಕರೆದ ಹೆಸರು ಅದು. ಮುಖಪುಟದಲ್ಲಿ ಕೆಂಪು ಸೋಡಾ ಬಾಟಲಿ ಹಿಡಿದು ಕೂತಿದ್ದಾನೆ. ಕ್ಯಾಲಿಫೋರ್ನಿಯಾದ ಹಿಪ್ಪಿ ಸಡಗರ ಮುಗಿಸಿ ಊರಿಗೆ ಮರಳಿದವನ ರೆಕಾರ್ಡ್ ಇದು: ಬ್ಲೂಸ್, ಕಂಟ್ರಿ, ಗಡಿಸೀಮೆಯ ಹಾಡು, ಎಲ್ಲಕ್ಕೂ ಒಂದೇ ಗಂಟಲು. ಇದರಲ್ಲಿನ ‘ವೇಸ್ಟೆಡ್ ಡೇಸ್’ ಬಿಡದೆ ಕೇಳಿ. ಅದು ಮೂಲತಃ ಟೆಕ್ಸಸ್‌ನ ಗಾಯಕ ಫ್ರೆಡ್ಡಿ ಫೆಂಡರ್‌ನ ಹಾಡು. 1960ರ ಸುಮಾರಿಗೆ ಫೆಂಡರ್ ಜೈಲಿಗೆ ಹೋದ ಮೇಲೆ ಹಾಡೂ ಮರೆಗೆ ಸರಿಯಿತು. 1975ರಲ್ಲಿ ಅದೇ ಫೆಂಡರ್, ಅದೇ ಹ್ಯೂಯಿ ಮೋ ಕೈಯಲ್ಲಿ ಮತ್ತೆ ಹಾಡಿದಾಗ ಅದು ಕಂಟ್ರಿ ಪಟ್ಟಿಯ ತುದಿಗೇರಿತು. ಅದಕ್ಕೂ ನಾಲ್ಕು ವರ್ಷ ಮೊದಲೇ ಸಾಮ್ ಇದನ್ನು ಹಾಡಿಟ್ಟಿದ್ದ. ಒಂದೊಂದು ಬಡಿತವನ್ನೂ ಮೂರಾಗಿ ಒಡೆದು ನಡೆಯುವ ಲೂಸಿಯಾನದ ನಿಧಾನ ನಡೆ ಅದು. ದನಿಯಲ್ಲಿ ಅಳುವಿದೆ, ಗೋಳಾಟವಿಲ್ಲ.

ಎರಡನೆಯದು ‘ಹಾಂಕಿ ಬ್ಲೂಸ್’ (ಸ್ಮ್ಯಾಷ್, 1968). ಸ್ಯಾನ್ ಫ್ರಾನ್ಸಿಸ್ಕೊ ಕಾಲದ್ದು. ಹೆಸರು ‘ಕ್ವಿಂಟೆಟ್ ಪ್ಲಸ್ ಟು’ ಎಂದು ಅಚ್ಚಾಗಿದೆ. ಆರ್ಗನ್ನಿನ ಆಗಿ ಮೇಯರ್ಸ್ ಆಗ ಟೆಕ್ಸಸ್‌ನಲ್ಲೇ ಉಳಿದಿದ್ದ. ಆ ಜಾಗವನ್ನು ವೇಯ್ನ್ ಟಾಲ್ಬರ್ಟ್‌ನ ಪಿಯಾನೊ, ಮಾರ್ಟಿನ್ ಫಿಯೆರೊ ಮತ್ತು ಫ್ರ್ಯಾಂಕ್ ಮೋರಿನ್ ಅವರ ಸ್ಯಾಕ್ಸೊಫೋನ್ ತುಂಬಿವೆ. ಜಾಝ್ ಕಡೆಗೆ ಇಷ್ಟು ವಾಲಿದ ರೆಕಾರ್ಡನ್ನು ಈ ತಂಡ ಮತ್ತೆ ಮಾಡಲಿಲ್ಲ. ಮೂರನೆಯದು ‘ಟುಗೆದರ್ ಆಫ್ಟರ್ ಫೈವ್’ (ಸ್ಮ್ಯಾಷ್, 1970). ನಾಲ್ಕನೆಯದು ಅಟ್ಲಾಂಟಿಕ್ ಕಂಪನಿಯ ‘ಡಗ್ ಸಾಮ್ ಆ್ಯಂಡ್ ಬ್ಯಾಂಡ್’ (1973, ನಂಬರ್ ಎಸ್‌ಡಿ 7254). ಬಾಬ್ ಡಿಲನ್, ಡಾಕ್ಟರ್ ಜಾನ್, ಫ್ಲಾಕೊ ಹಿಮೆನೆಸ್ ಮೂವರೂ ಅದರಲ್ಲಿದ್ದಾರೆ. ಡಿಲನ್ ಹೆಸರಿಗೆ ಮರುಳಾಗಿ ಕೊಳ್ಳುವವರೇ ಹೆಚ್ಚು. ನೀವು ಫ್ಲಾಕೊನ ಅಕಾರ್ಡಿಯನ್ನಿಗಾಗಿ ಕೊಳ್ಳಿ.

1973ರ ‘ರಫ್ ಎಡ್ಜಸ್’ ಹಳೆಯ ಉಳಿಕೆ ಹಾಡುಗಳ ಕಟ್ಟು, ಅವಸರವಿಲ್ಲ. ‘ಟೆಕ್ಸಸ್ ಟೊರ್ನೆಡೊ’ ಎಂದು ಹುಡುಕುವಾಗ ಎಚ್ಚರ: 1973ರ ಸಾಮ್ ಎಲ್‌ಪಿ ಬೇರೆ, 1989ರಲ್ಲಿ ಸಾಮ್, ಮೇಯರ್ಸ್, ಫ್ಲಾಕೊ, ಫೆಂಡರ್ ಕೂಡಿ ಕಟ್ಟಿದ ‘ಟೆಕ್ಸಸ್ ಟೊರ್ನೆಡೋಸ್’ ತಂಡ ಬೇರೆ.

ಪೇಟಿ_ಬಾಗಲಕೋಟ

ಟಿಳಕವಾಡಿ ಅಣ್ಣಾರು ಹೇಳಿದ್ದು ಖರೇ ಐತಿ, ಆದ್ರ ‘ಹಾಂಕಿ ಬ್ಲೂಸ್’ ಮೊದಲ ನಾಕರಾಗ ಬ್ಯಾಡ್ರಿ. ಛಲೋ ರೆಕಾರ್ಡ್ ಹೌದು, ಆದ್ರ ಆಗಿ ಮೇಯರ್ಸ್ ಇಲ್ಲದ ಕ್ವಿಂಟೆಟ್ ಮೊದಲ ಕೇಳಿದ್ರ ಈ ಬ್ಯಾಂಡಿನ ಬೆನ್ನೆಲುಬು ಯಾವುದು ಅನ್ನೂದ ತಿಳಿಯೂದಿಲ್ಲ. ಅದರ ಬದಲಿ ‘1+1+1=4’ (ಫಿಲಿಪ್ಸ್, 1970) ತರಸ್ರಿ. ಅದರಾಗಿನ ‘ಬಿ ರಿಯಲ್’ ಹಾಡನ್ನ ಸಾಮ್ ನ್ಯಾಶ್‌ವಿಲ್‌ದಾಗ ‘ವೇಯ್ನ್ ಡಗ್ಲಸ್’ ಅಂತ ಬ್ಯಾರೆ ಹೆಸರ ಇಟಗೊಂಡು ಹಾಡಿದ್ದ. ಪಕ್ಕಾ ಕಂಟ್ರಿ.

ಈ ಬ್ಯಾಂಡಿನ ಟೆಕ್ಸ್-ಮೆಕ್ಸ್ (ಟೆಕ್ಸಸ್-ಮೆಕ್ಸಿಕೊ ಬೆರಕಿ ಸಂಗೀತ) ಅಂದ್ರ ರಾಕ್‌ಗೆ ಅಕಾರ್ಡಿಯನ್ ಸುರುವಿದ್ದಲ್ರಿ. 19ನೇ ಶತಮಾನದಾಗ ಜರ್ಮನ್, ಚೆಕ್ ವಲಸಿಗರು ಗುಂಡಿ ಅಕಾರ್ಡಿಯನ್ನು, ಪೋಲ್ಕಾ ಕುಣಿತ ಎರಡೂ ದಕ್ಷಿಣ ಟೆಕ್ಸಸ್‌ಗೆ ತಂದ್ರು. ಮೆಕ್ಸಿಕನ್ ಮಂದಿ ಅದಕ್ಕ 12 ತಂತಿ ‘ಬಾಹೊ ಸೆಕ್ಸ್ಟೊ’ ಜೋಡಿ ಮಾಡಿದ್ರು. 1930ರ ದಶಕದಾಗ ನಾರ್ಸಿಸೊ ಮಾರ್ಟಿನೆಸ್ ಅಕಾರ್ಡಿಯನ್ನಿನ ಎಡಗೈ ಬೇಸ್ ಗುಂಡಿ ಕೈಬಿಟ್ಟು, ಆ ಕೆಲಸ ಸಾಂತಿಯಾಗೊ ಅಲ್ಮೇಡಾನ ಬಾಹೊಕ್ಕ ಒಪ್ಪಿಸಿದ. ಬಲಗೈ ಹಗುರಾತು, ತಾಳ ತಂತಿವಾದ್ಯಕ್ಕ ಹೋತು.

ಈಗ ‘ಮೂವರ್’ ಕೇಳ್ರಿ. ಆ ಆರ್ಗನ್ನಿನ ಚುಕ್ ಚುಕ್ ಹೊಡೆತ ಐತೆಲ್ಲ, ಅದು ಬಾಹೊ ಹೊಡಿಯೂ ಜಾಗಾದಾಗ ಬರ್ತೈತಿ. ಕೆಹರ್ವಾದಾಗ (ಎಂಟು ಮಾತ್ರಾದ ತಾಳ) ಎಣಸ್ರಿ: ಧಾ ಗೆ ನಾ ತಿ ನಾ ಕ ಧಿ ನಾ. ಪೋಲ್ಕಾದಾಗ ಬೇಸ್ 1, 3, 5, 7ನೇ ಮಾತ್ರಾಕ್ಕ, ಬಾಹೊ ಮೀಟು 2, 4, 6, 8ಕ್ಕ, ಅಂದ್ರ ಗೆ, ತಿ, ಕ, ಕಡೀ ನಾ. ಡ್ರಮ್ಮು ರಾಕ್ ಹೊಡಿತಿರತೈತಿ, ಆರ್ಗನ್ ಪೋಲ್ಕಾ ಬಿಡೂದಿಲ್ಲ. ಎರಡೂ ಒಂದರ ಮ್ಯಾಲ ಒಂದು ಕುಂತಾಗ ಈ ಬ್ಯಾಂಡು ಹುಟ್ಟತೈತಿ. ಇದೊಂದು ಕಿವಿಗೆ ಹತ್ತಿದ ಮ್ಯಾಲ ‘ಟುಗೆದರ್ ಆಫ್ಟರ್ ಫೈವ್’ದಾಗಿನ ‘ನ್ಯುವೊ ಲರೇಡೊ’ ಕೇಳ್ರಿ. ಗಡಿ ಆಚಿನ ಮೆಕ್ಸಿಕೊ ಊರಿನ ಹೆಸರದು. ಆಮ್ಯಾಲ ಬೇಕಾದ್ರ ‘ಹಾಂಕಿ ಬ್ಲೂಸ್’.

ಖಡೇಬಜಾರ್_33 (ಬೆಳಗಾವಿ)

ರೆಕಾರ್ಡಿನಲ್ಲಿ ದೋಷವಿಲ್ಲ. ಸ್ಟ್ರೋಬ್ ಕಾರ್ಡ್ ನಿಮ್ಮನ್ನು ದಾರಿ ತಪ್ಪಿಸಿದೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಮಾತ್ರ ಇಳಿಸುತ್ತದೆ. ಅಮೆರಿಕದ ಕರೆಂಟು 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತ), ನಮ್ಮದು 50. ಹಳೆಯ ಬೆಲ್ಟ್ ಡ್ರೈವ್‌ಗಳಲ್ಲಿರುವ ಎಸಿ ಸಿಂಕ್ರೊನಸ್ ಮೋಟಾರ್ ಹರ್ಟ್ಸ್‌ಗೆ ತಕ್ಕಂತೆ ತಿರುಗುತ್ತದೆ. ಹಾಗಾಗಿ 33⅓ರ ಬದಲು ನಿಮಿಷಕ್ಕೆ 27.8 ಸುತ್ತು. ಮೂರು ನಿಮಿಷದ ಹಾಡು ಮೂರು ನಿಮಿಷ 36 ಸೆಕೆಂಡ್ ಆಗುತ್ತದೆ, ಶ್ರುತಿ ಮೂರು ಅರ್ಧಸ್ವರಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಬಿಳಿ 4ರ (ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಶ್ರುತಿಯ) ಹಾಡು ಬಿಳಿ 2ಕ್ಕೂ ಸ್ವಲ್ಪ ಕೆಳಗೆ ಕೇಳುತ್ತದೆ.

ಕಾರ್ಡ್ ಯಾಕೆ ‘ಸರಿ’ ಎಂದಿತು? ಅಮೆರಿಕದ ಕಾರ್ಡಿನಲ್ಲಿ 33⅓ಕ್ಕೆ 216 ಗೆರೆ ಇರುತ್ತವೆ, ಅದು 60 ಹರ್ಟ್ಸ್ ಬೆಳಕಿನ ಲೆಕ್ಕ. ನಮ್ಮ ದೀಪ ಆವರ್ತಕ್ಕೆ ಎರಡು ಸಲದಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. 216 ಗೆರೆ ಅದರಡಿ ನಿಲ್ಲುವುದು ಸರಿಯಾಗಿ 27.8 ಸುತ್ತಿನಲ್ಲೇ. ಮೋಟಾರ್ ಎಷ್ಟು ನಿಧಾನವೋ ಬೆಳಕೂ ಅಷ್ಟೇ ನಿಧಾನ, ಅದಕ್ಕೇ ತಪ್ಪು ಕಣ್ಣಿಗೆ ಬೀಳಲಿಲ್ಲ. ನಮಗೆ ಬೇಕಾದದ್ದು 180 ಗೆರೆಯ ಕಾರ್ಡ್. ಹಳೆಯ ಬುರುಡೆ ಬಲ್ಬು ಅಥವಾ ನಿಯಾನ್ ದೀಪದಡಿ ನೋಡಿ, ಒಳ್ಳೆಯ ಎಲ್‌ಇಡಿ ಮಿನುಗುವುದೇ ಇಲ್ಲ. ಕಾರ್ಡೇ ಇಲ್ಲದಿದ್ದರೆ ರೆಕಾರ್ಡಿನ ಅಂಚಿಗೆ ಚೀಟಿ ಸಿಕ್ಕಿಸಿ ಮೂರು ನಿಮಿಷ ಎಣಿಸಿ: 100 ಸುತ್ತು ಬಂದರೆ ಸರಿ, 83ರ ಸುಮಾರು ಬಂದರೆ ಇದೇ ರೋಗ.

ಪರಿಹಾರ: ಮೋಟಾರಿನ ಪುಲ್ಲಿಯನ್ನು 1.2 ಪಟ್ಟು ದೊಡ್ಡದು ಮಾಡಿಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಪುಲ್ಲಿ ವ್ಯಾಸ 10 ಮಿ.ಮೀ., ಬೆಲ್ಟ್ ದಪ್ಪ 0.6 ಮಿ.ಮೀ. ಇದ್ದರೆ ಎರಡನ್ನೂ ಕೂಡಿಸಿ (10.6), 1.2ರಿಂದ ಗುಣಿಸಿ (12.72), ಬೆಲ್ಟ್ ದಪ್ಪ ಕಳೆಯಿರಿ: ಹೊಸ ಪುಲ್ಲಿ 12.12 ಮಿ.ಮೀ. ಬರೀ 12 ಮಾಡಿಸಿದರೆ ಸುಮಾರು ಶೇ 1ರಷ್ಟು ನಿಧಾನ ಉಳಿದುಬಿಡುತ್ತದೆ. ಪುಲ್ಲಿಯ ಮೇಲಿನ 45 ಸುತ್ತಿನ ವೇಗದ ಮೆಟ್ಟಿಲಿಗೂ ಇದೇ ಲೆಕ್ಕ. ಉದ್ಯಮಬಾಗದ ಸಣ್ಣ ಲೇತ್ ಅಂಗಡಿಗಳಲ್ಲಿ ಹಿತ್ತಾಳೆಯಲ್ಲಿ ಕಡೆದುಕೊಡುತ್ತಾರೆ. ಮೂರು ಮಾತು ಮೊದಲೇ ಹೇಳಿ: ನಡುವಿನ ತೂತು ಶಾಫ್ಟಿಗೆ ಬಿಗಿಯಾಗಿರಬೇಕು, ಬೆಲ್ಟ್ ಕೂರುವ ಜಾಗ ನಡುವೆ ಕೂದಲೆಳೆಯಷ್ಟು ಉಬ್ಬಿರಬೇಕು (ಇಲ್ಲದಿದ್ದರೆ ಬೆಲ್ಟ್ ಜಾರುತ್ತದೆ), ತೂತು ಮತ್ತು ಹೊರಮೈ ಒಂದೇ ಕಟ್ಟಿನಲ್ಲಿ, ಬಿಚ್ಚದೆ ಕಡೆಯಬೇಕು. ಬಿಚ್ಚಿ ಮತ್ತೆ ಕಟ್ಟಿದರೆ ಕೇಂದ್ರ ತಪ್ಪಿ, ಆರ್ಗನ್ನಿನ ಉದ್ದ ಸ್ವರ ಅಲೆಯಂತೆ ತೂಗುತ್ತದೆ.

ಡಿಸಿ ಮೋಟಾರಿನ ಯಂತ್ರವಾದರೆ ಇದಾವುದೂ ಬೇಡ. ತಳದ ಪಟ್ಟಿಯಲ್ಲಿ ಬರೀ ‘60 ಹರ್ಟ್ಸ್’ ಎಂದಿದೆಯೋ ‘50/60’ ಎಂದಿದೆಯೋ ನೋಡಿ.

ಗುಮ್ಮಟನಗರಿ_ಎಲ್‌ಪಿ

83 ಸುತ್ತೇ ಬಂತು. ತಳದಲ್ಲಿ ‘60 ಹರ್ಟ್ಸ್’ ಎಂದೇ ಇದೆ. ಪುಲ್ಲಿ ಮಾಡಿಸುತ್ತೇನೆ, ತುಂಬಾ ಉಪಕಾರವಾಯಿತು. ಪೇಟಿ ಮಾಸ್ತರ, ಮೇಯರ್ಸ್‌ನ ಆ ಹೊಡೆತ ನಮ್ಮ ಹಾರ್ಮೋನಿಯಂ ಮೇಲೆ ಬರುತ್ತದೆಯೇ? ನುಡಿಸಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಪೇಟಿ_ಬಾಗಲಕೋಟ

ಬರ್ತೈತ್ರಿ, ಆದ್ರ ಪೇಟಿ ಸ್ವಭಾವ ತಿಳಕೊಂಡು ನುಡಸಬೇಕು. ಮೇಯರ್ಸ್ ನುಡಿಸಿದ ವಾಕ್ಸ್ ಕಾಂಟಿನೆಂಟಲ್ ಟ್ರಾನ್ಸಿಸ್ಟರ್ ಆರ್ಗನ್ನು. ಮನಿ (ಕೀ) ಒತ್ತಿದ ಕೂಡಲೆ ದನಿ, ಬಿಟ್ಟ ಕೂಡಲೆ ಬಂದ್. ಮೆಲ್ಲಗ ಒತ್ರಿ, ಜೋರಾಗಿ ಒತ್ರಿ, ದನಿ ಅಷ್ಟ. ಪೇಟಿಯೊಳಗ ರೀಡು ಗಾಳಿಯಿಂದ ಅಲುಗಾಡಾಕ ಶುರು ಆಗಬೇಕು, ಬೇಸ್ ರೀಡು ದೊಡ್ಡದು, ಅದಕ್ಕ ತಡಾ ಮಾಡತೈತಿ. ಅದಕ್ಕ ಬೇಸ್ ಸ್ಟಾಪ್ ಮುಚ್ಚಿ ‘ಮೇಲ್’ ರೀಡಿನ ಸ್ಟಾಪ್ ಒಂದ ತೆಗೀರಿ. ಕಪ್ಲರ್ (ಒಂದು ಮನಿ ಒತ್ತಿದ್ರ ಇನ್ನೊಂದು ಸಪ್ತಕದ ಮನಿನೂ ಒತ್ತೂ ಜೋಡಣಿ) ಬಂದ್. ಭಾತೆ (ಗಾಳಿ ತಿದಿ) ತುಂಬ ಇಟ್ಟು ಸಣ್ಣ ಸಣ್ಣ ಒತ್ತು ಕೊಡ್ರಿ, ಹೊಡೆತಕ್ಕೊಮ್ಮೆ ಭಾತೆ ಎಳಿಬ್ಯಾಡ್ರಿ. ನಡೂ ಸಪ್ತಕದಾಗ ಮೂರು ಸ್ವರಾ ಸಾಕು, ನಾಕು ಹಾಕಿದ್ರ ಗಾಳಿ ಹಂಚಿಹೋಗಿ ಹೊಡೆತ ಮೆತ್ತಗಾಗತೈತಿ. ಅಂಟಿಕೊಳ್ಳೂದು ಬೆರಳ ಎತ್ತೂದು ತಡಾ ಆಗೂದ್ರಿಂದ. ಅರ್ಧ ಮಾತ್ರಾದೊಳಗ ಬೆರಳ ಮ್ಯಾಲ ಬರಬೇಕು. ಬೆರಳ ಬಿಟ್ಟ ಮ್ಯಾಲೂ ದನಿ ನಿಲ್ಲಲಿಲ್ಲ ಅಂದ್ರ ಮನಿ ಕೆಳಗಿನ ಸ್ಪ್ರಿಂಗ್ ಸಡಲಾಗೇತಿ, ಇಲ್ಲಾ ಚರ್ಮದ ಪ್ಯಾಡ್ ಗಟ್ಟಿಯಾಗೇತಿ. ಮೊದಲ ಅದನ್ನ ಸರಿ ಮಾಡಸ್ರಿ.

ಫ್ಲಾಕೊನ ಅಕಾರ್ಡಿಯನ್ ತುಣುಕು ಮಾತ್ರ ಪೇಟಿ ಮ್ಯಾಲ ಹಂಗ ಬರೂದಿಲ್ಲ. ಅದರಾಗ ಭಾತೆ ಒತ್ತಿದ್ರ ಒಂದು ಸ್ವರಾ, ಎಳೆದ್ರ ಅದೇ ಗುಂಡಿ ಇನ್ನೊಂದು ಸ್ವರಾ. ಆ ಒದ್ದಾಟದಿಂದನ ಅದರ ನಡಿಗಿ ಬರ್ತೈತಿ. ಪಂ. ರಾಮಭಾವು ಬಿಜಾಪುರೆ ಅವರ ಪೇಟಿ ಕೇಳಿ ಬೆಳೆದ ಸೀಮಿ ನಮ್ಮದು, ಉದ್ದ ಮೀಂಡಿನ (ಸ್ವರದಿಂದ ಸ್ವರಕ್ಕ ಜಾರೂದರ) ಭ್ರಮೆ ಹುಟ್ಟಸೂದು ಇಲ್ಲಿ ಕಲಿತವರಿಗೆ ಗೊತ್ತೈತಿ. ಫ್ಲಾಕೊಗ ಅದರ ಉಲ್ಟಾ ಬೇಕು: ಒಂದೊಂದ ಸ್ವರಾ ಕತ್ತರಿಸಿ ಇಟ್ಟಂಗ.

ಟಿಳಕವಾಡಿ_ಸೈಡ್‌ಬಿ

‘ಹಾಂಕಿ ಬ್ಲೂಸ್’ ಬಗ್ಗೆ ಮಾಸ್ತರ ಮಾತು ಪೂರ್ತಿ ಒಪ್ಪುವುದಿಲ್ಲ, ಆದರೆ ಮೊದಲ ಸಲ ಕೇಳುವವರಿಗೆ ‘1+1+1=4’ ಹತ್ತಿರ ಎನ್ನುವುದು ನ್ಯಾಯವೇ. ಐದನ್ನೂ ತರಿಸಿಬಿಡಿ.

ಆರ್ಡರ್ ಮಾಡುವಾಗ ಮಾರುವವರಿಗೆ ಎರಡು ವಿಷಯ ಬರೆಯಿರಿ. ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಕವರಿನ ಹಿಂದೆ ಬೇರೆಯಾಗಿ ಇಟ್ಟು ಪ್ಯಾಕ್ ಮಾಡಬೇಕು, ಇಲ್ಲದಿದ್ದರೆ ಪೋಸ್ಟಿನ ಕುಲುಕಾಟಕ್ಕೆ ಕವರಿನ ಅಂಚು ಸೀಳುತ್ತದೆ. ಲೇಬಲ್ ಪಕ್ಕದ ಖಾಲಿ ಜಾಗದ ಫೋಟೊ ಓರೆ ಬೆಳಕಿನಲ್ಲಿ ಕಳಿಸಬೇಕು, ಗೀರು ಅಲ್ಲೇ ಕಾಣುತ್ತದೆ. ಕವರಿನ ಮೂಲೆ ಕತ್ತರಿಸಿದ್ದರೆ ಅಥವಾ ತೂತಿದ್ದರೆ ಹೆದರಬೇಡಿ, ಮಾರಾಟವಾಗದೆ ಉಳಿದ ಮಾಲನ್ನು ಅಗ್ಗಕ್ಕೆ ಬಿಟ್ಟ ಗುರುತು ಅದು. ಒಳಗಿನ ರೆಕಾರ್ಡ್ ಹೆಚ್ಚು ನುಡಿಯದೆ ಉಳಿದಿರುವುದೂ ಉಂಟು.

ಬಂದ ಮೇಲೆ ಪ್ಲಾಸ್ಟಿಕ್ ಬಿಗಿ ಹಾಳೆ ಇದ್ದರೆ ಕಿತ್ತು ಬಿಸಾಡಿ, ವಿಜಯಪುರದ ಬೇಸಿಗೆಯಲ್ಲಿ ಅದು ಬಿಗಿದು ರೆಕಾರ್ಡನ್ನು ಬಾಗಿಸುತ್ತದೆ. ತಗಡಿನ ಚಾವಣಿ ಕೆಳಗಿನ ಅಟ್ಟದಲ್ಲಿ ಇಡಲೇಬೇಡಿ. ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಬೆಳಗಾವಿ ಮಳೆಯಲ್ಲಿ ನಮಗೆ ಬೂಷ್ಟಿನ ಕಾಟ, ನಿಮಗೆ ಧೂಳಿನದು. ತೊಳೆಯುವುದು ಎರಡಕ್ಕೂ ಒಂದೇ: 1 ಲೀಟರ್ ಡಿಸ್ಟಿಲ್ಡ್ ನೀರಿಗೆ 150 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಫೋಟೊ ತೊಳೆಯುವ ವೆಟಿಂಗ್ ಏಜೆಂಟ್ ನಾಲ್ಕೈದು ಹನಿ. ಮೆತ್ತನೆ ಬ್ರಷ್‌ನಿಂದ ಗೆರೆಯ ಗುಂಟ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು ಒಣಗಿಸಿ. ಲೇಬಲ್‌ಗೆ ನೀರು ತಾಕಬಾರದು. ಇದೇ ನೀರನ್ನು ಮನೆಯ ಹಳೆಯ 78ರ ಪ್ಲೇಟುಗಳಿಗೆ ಬಳಸಬೇಡಿ. ಅವು ಅರಗಿನವು, ಆಲ್ಕೋಹಾಲ್ ತಾಕಿದರೆ ಕರಗುತ್ತವೆ.