ಹಳೇ ಪ್ರೊಜೆಕ್ಟರ್, ಹೊಸ ಲ್ಯಾಪ್‌ಟಾಪ್: ‘ನೋ ಸಿಗ್ನಲ್’ ಅಂತಲೇ ಬರ್ತಿದೆ

ವಿಜ್ಞಾನ ಟೀಚರ್, ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಪ್ರೊಜೆಕ್ಟರ್ ಹಳೇದು, ಆದರೆ ಬಲ್ಬ್ ಇನ್ನೂ ಗಟ್ಟಿಯಾಗಿದೆ. ಹಿಂದೆ ನೀಲಿ ಬಣ್ಣದ ವಿಜಿಎ ಪೋರ್ಟ್ ಬಿಟ್ಟರೆ ಬೇರೇನೂ ಇಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಎಚ್‌ಡಿಎಂಐ ಮಾತ್ರ. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ವಿಜಿಎ ಇರುವ ವೈರ್ ಆಫೀಸ್ ರೂಮಿನ ಬೀರುವಿನಲ್ಲಿ ಸಿಕ್ಕಿತು. ಹಾಕಿದರೆ ‘ನೋ ಸಿಗ್ನಲ್’. ಹತ್ತನೇ ಕ್ಲಾಸಿಗೆ ಹೃದಯದ ಪಾಠ ನಡೀತಿದೆ. ಬೋರ್ಡಿನ ಮೇಲೆ ಬಾಣ ಹಾಕಿ ಎಷ್ಟು ಹೇಳಿದರೂ, ಕವಾಟ ತೆರೆದು ಮುಚ್ಚುವುದನ್ನು ಮಕ್ಕಳು ಕಣ್ಣಾರೆ ನೋಡಿದ ಹಾಗೆ ಆಗಲ್ಲ. ಹೊಸ ಪ್ರೊಜೆಕ್ಟರ್‌ಗೆ ಸ್ಕೂಲಿನಲ್ಲಿ ದುಡ್ಡಿಲ್ಲ. ಇದನ್ನೇ ನಡೆಸಬೇಕು. ದಾರಿ ಇದೆಯಾ?

ಸೌಂಡ್-ಸ್ಕ್ರೀನ್ ಕೆಲಸ, ದಾವಣಗೆರೆ:
ಖಂಡಿತ ಇದೆ ಮೇಡಂ. ವೈರಿನ ಮೇಲೇ ನನಗೆ ಅನುಮಾನ. ಎಚ್‌ಡಿಎಂಐಯಿಂದ ಬರುವುದು ಡಿಜಿಟಲ್ ಸಿಗ್ನಲ್, ವಿಜಿಎಗೆ ಬೇಕಾದ್ದು ಅನಲಾಗ್. ಮಧ್ಯೆ ಒಂದು ಚಿಪ್ ಇದ್ದು ಅದನ್ನು ಬದಲಾಯಿಸಬೇಕು. ಚಿಪ್ ಇಲ್ಲದ ಬರೀ ವೈರ್ ಆದರೆ ಜಪ್ಪಯ್ಯ ಅಂದರೂ ಚಿತ್ರ ಬರಲ್ಲ. ಅಂಗಡಿಯಲ್ಲಿ ‘ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್’ ಅಂತಲೇ ಕೇಳಿ. ‘ವಿಜಿಎ ಟು ಎಚ್‌ಡಿಎಂಐ’ ನೋಡೋಕೆ ಹಾಗೇ ಇರುತ್ತದೆ, ಆದರೆ ನಿಮ್ಮ ಕೆಲಸಕ್ಕೆ ಬರಲ್ಲ. ಪಕ್ಕದಲ್ಲಿ ಆಡಿಯೋ ತೂತು ಇರುವುದನ್ನೇ ತಗೊಳ್ಳಿ. ವಿಜಿಎಯಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಸೌಂಡ್ ಹೋಗಲ್ಲ.

ಪ್ರೊಜೆಕ್ಟರ್ ಕಡೆಯ ವಿಜಿಎ ವೈರನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮೂರು ಸಾಲಿನಲ್ಲಿ 15 ಪಿನ್‌ಗೆ ಜಾಗ ಇರುತ್ತದೆ. ಎಷ್ಟೋ ವೈರ್‌ಗಳಲ್ಲಿ ನಡು ಸಾಲಿನ ಒಂದು ಪಿನ್ ಮೊದಲಿಂದಲೇ ಇರಲ್ಲ, ಗಾಬರಿ ಬೇಡ. ಬಗ್ಗಿದ ಪಿನ್ ಇದ್ದರೆ ಮಾತ್ರ ತೊಂದರೆ. ಗೋಡೆಯೆಲ್ಲಾ ಹಳದಿ ಕಂಡರೆ ನೀಲಿ ಬಣ್ಣದ ಪಿನ್ ಸರಿಯಾಗಿ ಕೂತಿಲ್ಲ ಅಂತ ತಿಳ್ಕೊಳ್ಳಿ. ಎರಡು ಪಕ್ಕದ ಸ್ಕ್ರೂ ಬೆರಳಲ್ಲೇ ಬಿಗಿ ಮಾಡಿ.

ಕಾಲೇಜ್ ಲ್ಯಾಬ್, ಹಾಸನ:
ಕನ್ವರ್ಟರ್ ಬಂದ ಮೇಲೆ ಪ್ರೊಜೆಕ್ಟರ್‌ನ ಸೋರ್ಸ್ ಬಟನ್ ಒತ್ತಿ ‘ಕಂಪ್ಯೂಟರ್’ ಅಥವಾ ‘ವಿಜಿಎ’ ಆರಿಸಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ, ‘ಡೂಪ್ಲಿಕೇಟ್’ ಕೊಡಿ.

ವಿಜ್ಞಾನ ಟೀಚರ್, ಶಿರಸಿ:
ಚಿತ್ರ ಬಂತು! ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆದರೆ ಅಪಧಮನಿ, ಅಭಿಧಮನಿ ಅಂತ ಬರೆದಿರುವ ಸಣ್ಣ ಅಕ್ಷರ ಮಸುಕು. ಹಿಂದಿನ ಬೆಂಚಿಗೆ ಓದೋಕೆ ಆಗ್ತಿಲ್ಲ. ವಿಡಿಯೋ ಹಾಕಿದರೆ ಸೌಂಡೂ ಇಲ್ಲ, ಲ್ಯಾಪ್‌ಟಾಪ್‌ನಿಂದಲೂ ಬರ್ತಿಲ್ಲ.

ಕಾಲೇಜ್ ಲ್ಯಾಬ್, ಹಾಸನ:
ಅಂಥ ಹಳೇ ಪ್ರೊಜೆಕ್ಟರ್‌ಗಳಲ್ಲಿ ಹೆಚ್ಚಿನವುಗಳ ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕ, 1024 × 768 ಇರುತ್ತದೆ. ಲ್ಯಾಪ್‌ಟಾಪ್ ಅದಕ್ಕಿಂತ ದೊಡ್ಡ ಚಿತ್ರ ಕಳಿಸಿದರೆ ಪ್ರೊಜೆಕ್ಟರ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಹಾಳಾಗುತ್ತದೆ. ಮತ್ತೆ ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಕೊಟ್ಟು, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ 1024 × 768 ಇಡಿ. ಆಮೇಲೆ ಲೆನ್ಸ್ ತಿರುಗಿಸಿ ಫೋಕಸ್ ಮಾಡಿ.

ಸೌಂಡ್ ಈಗ ಎಚ್‌ಡಿಎಂಐ ಕಡೆ ಹೋಗ್ತಿರಬೇಕು. ಸ್ಪೀಕರ್ ಇದ್ದರೆ ಕನ್ವರ್ಟರ್‌ನ ಆಡಿಯೋ ತೂತಿಗೆ ಸಿಕ್ಕಿಸಿ. ಇಲ್ಲಾಂದ್ರೆ ಪರದೆಯ ಕೆಳಗಿನ ಮೂಲೆಯ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪ್ ಸ್ಪೀಕರ್ ಆರಿಸಿ.

ಸೌಂಡ್-ಸ್ಕ್ರೀನ್ ಕೆಲಸ, ದಾವಣಗೆರೆ:
ಕ್ಲಾಸ್ ಮುಗಿದ ತಕ್ಷಣ ಗೋಡೆ ಸ್ವಿಚ್ ಆರಿಸಬೇಡಿ ಮೇಡಂ. ರಿಮೋಟ್‌ನಲ್ಲಿ ಆಫ್ ಮಾಡಿ, ಒಳಗಿನ ಫ್ಯಾನ್ ನಿಲ್ಲೋ ತನಕ ಕಾಯಿರಿ. ಬಿಸಿ ಹಾಗೇ ಉಳಿದರೆ ಬಲ್ಬಿಗೆ ಒಳ್ಳೆಯದಲ್ಲ.